ಹಳೆಯ ಕಾರಿಗೆ ಅದರ ಕಾಲದ್ದೇ ಹೆಡ್‌ಲೈಟ್: ಕಲಬುರಗಿ ಕಡೆಯವರು ಹುಡುಕುವ ಬಗೆ

“ಅಜ್ಜನ ಕಾಲದ ಅಂಬಾಸಿಡರ್ ಇದೆ. ಎಂಜಿನ್ ಕೆಲಸ ಮುಗಿಯಿತು, ಬಣ್ಣವೂ ಆಯಿತು. ಹೆಡ್‌ಲೈಟ್ ಮಾತ್ರ ಹೊಂದುತ್ತಿಲ್ಲ. ಎಲ್ಲಿ ಸಿಗುತ್ತದೆ?” ಕಲಬುರಗಿ, ಬೀದರ್, ಯಾದಗಿರಿಯ ಓದುಗರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕಾರು ಒಮ್ಮೆ ಫಿಯೆಟ್ 1100 ಆಗಿರುತ್ತದೆ, ಒಮ್ಮೆ ಸ್ಟ್ಯಾಂಡರ್ಡ್ ಹೆರಾಲ್ಡ್, ಒಮ್ಮೆ ವಿಲ್ಲಿಸ್ ಜೀಪು. ಪ್ರಶ್ನೆ ಬದಲಾಗುವುದಿಲ್ಲ.

ಎಲ್ಲಿ ಸಿಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಏನು ಬೇಕು ಎಂದು ತಿಳಿಯದೆ ಮಾರುಕಟ್ಟೆಗೆ ಹೋದವರು ಸಿಕ್ಕಿದ್ದನ್ನು ತಂದು ಕೂರಿಸುತ್ತಾರೆ, ಆಮೇಲೆ ಎರಡನೆಯ ಸಲ ಹಣ ಹಾಕುತ್ತಾರೆ. ಅದು ನಿಮಗಾಗಬಾರದು ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ.

ಮೊದಲು ಕೆಲವು ಹೆಸರುಗಳು. ಮಡ್ಗಾರ್ಡ್‌ನೊಳಗೆ ಕೂರುವ ತಗಡಿನ ಬಟ್ಟಲಿಗೆ ಬೌಲ್ ಎನ್ನುತ್ತಾರೆ. ಅದರೊಳಗೆ ಬೆಳಕನ್ನು ಮುಂದಕ್ಕೆ ಎಸೆಯುವ ಹೊಳಪಿನ ಬಟ್ಟಲು ರಿಫ್ಲೆಕ್ಟರ್. ಅದರ ಮುಂದೆ ಗೆರೆಗಳಿರುವ ಗಾಜು, ಹಿಂದೆ ಬಲ್ಬ್ ಹಿಡಿಯುವ ಹೋಲ್ಡರ್. ಗಾಜು ಮತ್ತು ರಿಫ್ಲೆಕ್ಟರ್ ಸೇರಿದ ಭಾಗವನ್ನು ನಮ್ಮ ಮೆಕ್ಯಾನಿಕ್‌ಗಳು ಡೂಮ್ ಎನ್ನುತ್ತಾರೆ. ಡೂಮನ್ನು ಹಿಡಿದಿಡುವುದು ಒಳ ರಿಂಗ್, ಹೊರಗೆ ಕಾಣುವುದು ಕ್ರೋಮ್ ರಿಂಗ್. ಇನ್ನೊಂದು ಪದ ಸೀಲ್ಡ್ ಬೀಮ್. ಗಾಜು, ರಿಫ್ಲೆಕ್ಟರ್, ಉರಿಯುವ ತಂತಿ ಮೂರೂ ಒಂದೇ ತುಂಡಾಗಿ ಮುಚ್ಚಿಕೊಂಡಿರುವ ದೀಪ ಅದು. ತಂತಿ ಸುಟ್ಟರೆ ಇಡೀ ದೀಪವನ್ನೇ ಬದಲಿಸಬೇಕು. ಅಮೆರಿಕದಲ್ಲಿ ಅದು 1940ರಲ್ಲಿ ಬಂತು. 7 ಇಂಚಿನ ದುಂಡು ದೀಪ ಜಗತ್ತಿನಾದ್ಯಂತ ಹರಡಲು ಅದೇ ದೊಡ್ಡ ಕಾರಣ.

1. ನಿಮ್ಮ ಕಾರಿನಲ್ಲಿ ಏನಿತ್ತು ಎಂದು ಪತ್ತೆ ಮಾಡಿ

ಆರ್‌ಸಿಯಲ್ಲಿ ತಯಾರಿಕೆಯ ವರ್ಷ ಮತ್ತು ನೋಂದಣಿಯ ವರ್ಷ ಎರಡನ್ನೂ ನೋಡಿ. ಅವು ಬೇರೆ ಬೇರೆ ಇರಬಹುದು. ನಮ್ಮ ಭಾಗ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅದಕ್ಕಿಂತ ಹಳೆಯ ಕಾರಾದರೆ ಮನೆಯ ಪೆಟ್ಟಿಗೆಯಲ್ಲಿ ಉರ್ದು ಕಾಗದಗಳು ಸಿಗಬಹುದು. ಬಲ್ಲ ಹಿರಿಯರಿಂದ ಓದಿಸಿ, ಎಸೆಯಬೇಡಿ.

ಇದಕ್ಕಿಂತ ಒಳ್ಳೆಯ ಸಾಕ್ಷಿ ಮನೆಯ ಮದುವೆಯ ಆಲ್ಬಮ್. ಹೂವಿನ ಹಾರ ಹಾಕಿದ ಕಾರಿನ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಇಲ್ಲದ ಮನೆ ಕಡಿಮೆ. ಅದನ್ನು ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿ ನೋಡಿ: ರಿಂಗ್ ದುಂಡಗಿದೆಯೋ, ಮೇಲೆ ಹುಬ್ಬಿನಂತೆ ಚಾಚಿದೆಯೋ? ಗಾಜು ಉಬ್ಬಿದೆಯೋ, ಚಪ್ಪಟೆಯೋ? ಒಳಗೆ ಮೂರು ಕಾಲಿನ ಕಂಬಿ ಕಾಣುತ್ತದೆಯೋ? ಆ ಕಂಬಿ ಇದ್ದರೆ ಅದು ಲ್ಯೂಕಾಸ್ ಪಿ700 ಬಗೆಯ ದೀಪವಿರಬಹುದು. ಗಾಜಿನ ತುಂಬ ಚೌಕ ಚೌಕವಾದ ಗೆರೆಗಳಿದ್ದು ಕಂಬಿ ಇಲ್ಲದಿದ್ದರೆ ಎಫ್700 ಬಗೆಯದಿರಬಹುದು. ಎರಡೂ 7 ಇಂಚಿನವು. ಇವನ್ನು ತಯಾರಿಸಿದ್ದು ಬರ್ಮಿಂಗ್‌ಹ್ಯಾಮ್‌ನ ಲ್ಯೂಕಾಸ್ ಕಂಪನಿ.

ನಂತರ ಕಾರಿನಲ್ಲಿ ಈಗಿರುವ ಗಾಜಿನ ಅಕ್ಷರ ಓದಿ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಪಕ್ಕದಿಂದ ಟಾರ್ಚ್ ಹಿಡಿದರೆ ಅಚ್ಚಿನ ಅಕ್ಷರ ಎದ್ದು ಕಾಣುತ್ತದೆ. ಎಷ್ಟೋ ಗಾಜುಗಳ ನಡುವೆ ಕಪ್ಪು ಬಣ್ಣದ ಚುಕ್ಕೆಯ ಗುರುತು ಉಳಿದಿರುತ್ತದೆ. ಹಿಂದೆ ನಮ್ಮಲ್ಲಿ ಎದುರಿನವರ ಕಣ್ಣಿಗೆ ಹೊಡೆಯದಂತೆ ಬಳಿಯುತ್ತಿದ್ದರು. ಅದನ್ನು ಥಿನ್ನರ್ ಬಟ್ಟೆಯಿಂದ ತೆಗೆಯಬಹುದು, ಬ್ಲೇಡ್ ಮುಟ್ಟಿಸಬೇಡಿ.

ಅಕ್ಷರಗಳಿಂದ ಕಾಲವನ್ನು ಹೀಗೆ ಹೇಳಬಹುದು. ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ ಇದ್ದರೆ ಅದು ಯುರೋಪಿನ ಒಪ್ಪಿಗೆಯ ಮುದ್ರೆ. 1 ಎಂದರೆ ಜರ್ಮನಿ, 2 ಫ್ರಾನ್ಸ್, 3 ಇಟಲಿ, 11 ಬ್ರಿಟನ್. ಈ ಮುದ್ರೆಗೆ ಆಧಾರವಾದ ಒಪ್ಪಂದ 1958ರದು, ಆದ್ದರಿಂದ ಮುದ್ರೆಯಿರುವ ಗಾಜು 1954ರ ಕಾರಿನದಾಗಿರಲು ಸಾಧ್ಯವಿಲ್ಲ. ‘ಎಚ್4’ ಅಥವಾ ‘ಎಚ್‌ಸಿಆರ್’ ಎಂದಿದ್ದರೆ ಅದು ಹ್ಯಾಲೋಜನ್ ಬಲ್ಬಿನ ಗಾಜು. ಎಚ್4 ಬಲ್ಬ್ ಹುಟ್ಟಿದ್ದೇ 1971ರಲ್ಲಿ. 1960ರ ದಶಕದ ಕಾರಿನಲ್ಲಿ ಅದನ್ನು ಕಂಡರೆ ಯಾರೋ ಆಮೇಲೆ ಹಾಕಿದ್ದಾರೆ ಎಂದೇ ಅರ್ಥ, ಮಾರುವವರು ಏನೇ ಹೇಳಲಿ.

2. ಒಂದು ಬದಿಯನ್ನು ಮಾತ್ರ ಬಿಚ್ಚಿ

ಎರಡೂ ದೀಪಗಳನ್ನು ಒಟ್ಟಿಗೆ ಬಿಚ್ಚಬೇಡಿ. ಒಂದು ಬಿಚ್ಚಿದಾಗ ಇನ್ನೊಂದು ಮಾದರಿಯಾಗಿ ಕಣ್ಣೆದುರಿಗೆ ಇರಲಿ. ಬ್ಯಾಟರಿಯ ತಂತಿ ತೆಗೆದು, ರಿಂಗಿನ ಸ್ಕ್ರೂಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಹೆಚ್ಚಿನ ಬ್ರಿಟಿಷ್ ವಿನ್ಯಾಸಗಳಲ್ಲಿ ಕ್ರೋಮ್ ರಿಂಗಿಗೆ ಕೆಳಗಡೆ ಒಂದೇ ಸ್ಕ್ರೂ ಇರುತ್ತದೆ, ಮೇಲ್ಭಾಗ ಕೊಕ್ಕೆಗೆ ಸಿಕ್ಕಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ರಿಂಗೂ ಸೊಟ್ಟಗಾಗುತ್ತದೆ, ಹೊಸ ಬಣ್ಣವೂ ಏಳುತ್ತದೆ.

ಒಳಗೆ ಎರಡು ಬಗೆಯ ಸ್ಕ್ರೂಗಳಿವೆ: ಡೂಮನ್ನು ಹಿಡಿದಿಡುವವು, ಮತ್ತು ಬೆಳಕನ್ನು ಮೇಲೆ ಕೆಳಗೆ, ಅಕ್ಕಪಕ್ಕ ಹೊಂದಿಸುವವು. ಎರಡನೆಯವಕ್ಕೆ ಸ್ಪ್ರಿಂಗ್ ಇರುತ್ತದೆ. ಅವನ್ನು ಈಗ ತಿರುಗಿಸಬೇಡಿ. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಿ. ಗಾಜಾದರೂ ಸಿಕ್ಕೀತು, ಆ ಅಳತೆಯ ಸ್ಕ್ರೂ ಸಿಗದೆ ಕೆಲಸ ತಿಂಗಳುಗಟ್ಟಲೆ ನಿಂತದ್ದನ್ನು ಕಂಡಿದ್ದೇನೆ.

3. ಯಾವುದನ್ನು ಉಳಿಸಬಹುದು, ಯಾವುದನ್ನು ಕೊಳ್ಳಬೇಕು

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಒಡೆದ ಗಾಜನ್ನು ಸರಿಪಡಿಸಲಾಗುವುದಿಲ್ಲ, ಅದನ್ನು ಹುಡುಕಲೇಬೇಕು. ಉಳಿದ ಭಾಗಗಳಲ್ಲಿ ಬಹುಪಾಲನ್ನು ಉಳಿಸಬಹುದು. ಕಾರಿನ ಜೊತೆ ಹುಟ್ಟಿದ ಭಾಗಕ್ಕೆ ಸಮನಾದದ್ದು ಯಾವ ಅಂಗಡಿಯಲ್ಲೂ ಇಲ್ಲ.

ರಿಫ್ಲೆಕ್ಟರ್ ಮಸುಕಾದ ಕೂಡಲೇ ಜನ ಹೊಸ ಡೂಮ್ ಕೊಳ್ಳುತ್ತಾರೆ. ಸ್ವಲ್ಪ ತಾಳಿ. ಹಳೆಯ ರಿಫ್ಲೆಕ್ಟರ್‌ಗಳಲ್ಲಿ ಎರಡು ಬಗೆ. ಬಹಳ ಹಳೆಯವು ಹಿತ್ತಾಳೆಯ ಮೇಲೆ ಬೆಳ್ಳಿಯ ಲೇಪನ ಇರುವಂಥವು. ಗಾಳಿ ತಾಗಿದರೆ ಮನೆಯ ಬೆಳ್ಳಿಯಂತೆ ಕಪ್ಪಾಗುತ್ತವೆ. ನಂತರದವು ಉಕ್ಕಿನ ಮೇಲೆ ಅಲ್ಯೂಮಿನಿಯಂ ಆವಿ ಹಿಡಿಸಿದಂಥವು. ಎರಡರ ಹೊಳಪಿನ ಪದರವೂ ತೀರಾ ತೆಳು. ಹಿತ್ತಾಳೆ ಎಂದುಕೊಂಡು ಹುಣಸೆಹಣ್ಣು, ಬೂದಿ, ಪಾಲಿಶ್ ಹಾಕಿ ತಿಕ್ಕಿದರೆ ಅರ್ಧ ಗಂಟೆಯಲ್ಲಿ ಆ ಪದರ ಹೋಗಿಬಿಡುತ್ತದೆ. ಧೂಳನ್ನು ಗಾಳಿಯಿಂದ ಹಾರಿಸಿ, ಬೇಕಾದರೆ ಒಂದು ಹನಿ ಸೌಮ್ಯ ಸೋಪು ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು, ಒರೆಸದೆ ನೆರಳಿನಲ್ಲಿ ಒಣಗಿಸಿ. ಬೆರಳು ಒಳಗೆ ತಾಗದಿರಲಿ.

ಪದರ ಹೋಗಿಯೇ ಇದ್ದರೆ ಮತ್ತೆ ಲೇಪನ ಮಾಡಿಸಬಹುದು. ಹಿತ್ತಾಳೆಯದಕ್ಕೆ ಬೆಳ್ಳಿಯ ಲೇಪನ, ಉಕ್ಕಿನದಕ್ಕೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಹಿಡಿಸುವ ಲೇಪನ, ಅಂದರೆ ವ್ಯಾಕ್ಯೂಮ್ ಮೆಟಲೈಸಿಂಗ್. ಇಂಥ ಕೆಲಸಕ್ಕೆ ಹೈದರಾಬಾದ್, ಪುಣೆ, ಬೆಂಗಳೂರಿನಂಥ ಕೈಗಾರಿಕಾ ಊರುಗಳಲ್ಲಿ ವಿಚಾರಿಸಿ. ಎಚ್ಚರ: ರಿಫ್ಲೆಕ್ಟರ್‌ಗೆ ಎಂದೂ ಕ್ರೋಮ್ ಹಾಕಿಸಬೇಡಿ. ಕಣ್ಣಿಗೆ ಕನ್ನಡಿಯಂತೆ ಹೊಳೆದರೂ ಕ್ರೋಮ್ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಮೂರನೇ ಎರಡು ಭಾಗವನ್ನಷ್ಟೇ ಹಿಂದಿರುಗಿಸುತ್ತದೆ. ಬೆಳ್ಳಿ 90 ಶೇಕಡಾಕ್ಕಿಂತ ಹೆಚ್ಚನ್ನು ಹಿಂದಿರುಗಿಸುತ್ತದೆ. ವರ್ಷಗಳ ಹಿಂದೆ ಒಬ್ಬ ಪ್ಲೇಟಿಂಗ್‌ನವರ ಮಾತು ನಂಬಿ ನಾನು ಒಂದು ಜೋಡಿಗೆ ಕ್ರೋಮ್ ಹಾಕಿಸಿದ್ದೆ. ರಾತ್ರಿ ರಸ್ತೆಯ ಹಳ್ಳಗಳೇ ಕಾಣಲಿಲ್ಲ. ಅದನ್ನು ಕಿತ್ತು ಮತ್ತೆ ಬೆಳ್ಳಿ ಹಿಡಿಸುವಾಗ ಒಂದು ರಿಫ್ಲೆಕ್ಟರ್ ಹಾಳಾಯಿತು, ಅದರ ಜೋಡಿ ಇಂದಿಗೂ ಸಿಕ್ಕಿಲ್ಲ.

ಕ್ರೋಮ್ ರಿಂಗ್ ಬೇರೆಯೇ ಲೆಕ್ಕ. ಅದು ಯಾವ ಲೋಹದ್ದು ಎಂದು ಮೊದಲು ತಿಳಿಯಬೇಕು. ಅಯಸ್ಕಾಂತ ಹಿಡಿದರೆ ಉಕ್ಕು. ಹಿಡಿಯದಿದ್ದರೆ ಒಳಬದಿಯಲ್ಲಿ ಸೂಜಿಯಿಂದ ಗೀರಿ: ಹಳದಿ ಕಂಡರೆ ಹಿತ್ತಾಳೆ, ಮಂಕು ಬೂದು ಬಣ್ಣ ಕಂಡರೆ ಮಜಾಕ್ ಎಂಬ ಸತುವಿನ ಮಿಶ್ರಲೋಹ. ಹಿತ್ತಾಳೆಯ ರಿಂಗ್ ನಿಮ್ಮದಾಗಿದ್ದರೆ ನೀವು ಪುಣ್ಯವಂತರು. ತಟ್ಟಿ ನೇರ ಮಾಡಿ, ಸೀಳು ಬೆಸೆದು, ಲೇಪನ ಮಾಡಿಸಿದರೆ ಇನ್ನೊಂದು ಐವತ್ತು ವರ್ಷ ಬಾಳುತ್ತದೆ. ಮಜಾಕ್ ರಿಂಗಿನ ಮೇಲೆ ಗುಳ್ಳೆ ಗುಳ್ಳೆ ಎದ್ದಿರುತ್ತದೆ. ಬೀದರಿನ ಓದುಗರಿಗೆ ಸತುವಿನ ಸ್ವಭಾವವನ್ನು ನಾನು ಹೇಳಿಕೊಡಬೇಕಾಗಿಲ್ಲ, ಬಿದರಿ ಕೆಲಸದ ಲೋಹವೂ ಬಹುಪಾಲು ಸತುವೇ. ಅದು ಸುಮಾರು 419 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮಜಾಕ್ ರಿಂಗನ್ನು ಗ್ಯಾಸ್ ವೆಲ್ಡಿಂಗ್‌ನವರ ಕೈಗೆ ಕೊಟ್ಟರೆ ಕರಗಿದ ಗಟ್ಟಿಯೇ ವಾಪಸು ಬರುತ್ತದೆ. ಗುಳ್ಳೆ ಆಳವಾಗಿದ್ದರೆ ಬೇರೆ ರಿಂಗ್ ಹುಡುಕುವುದೇ ಲೇಸು.

ಲೇಪನಕ್ಕೆ ಕೊಡುವಾಗ ತಾಮ್ರ, ನಿಕಲ್, ಆಮೇಲೆ ಕ್ರೋಮ್ ಎಂದು ಬಿಡಿಸಿ ಹೇಳಿ. ಮೇಲಿನ ಕ್ರೋಮ್ ಪದರ ತೀರಾ ತೆಳುವಾದದ್ದು. ಹೊಳಪು, ರಕ್ಷಣೆ ಎರಡೂ ಬರುವುದು ಅದರ ಕೆಳಗಿನ ನಿಕಲ್‌ನಿಂದ. ನಿಕಲ್ ಕಡಿಮೆ ಮಾಡಿದ ಕೆಲಸ ಒಂದು ಮಳೆಗಾಲ ದಾಟುವುದಿಲ್ಲ.

ಬೌಲ್ ತುಕ್ಕು ಹಿಡಿದು ತೂತಾಗಿದ್ದರೆ ಊರಿನ ಟಿನ್ಕರ್ ಕೆಲಸದವರೇ ತಗಡು ಹಾಕಿ ಕೊಡುತ್ತಾರೆ. ಅದು ಹೊರಗೆ ಕಾಣುವ ಭಾಗವಲ್ಲ.

4. ಹುಡುಕಾಟ: ಮನೆಯ ಹತ್ತಿರದಿಂದ ಶುರುಮಾಡಿ

ನಮ್ಮದು ತೊಗರಿಯ ಸೀಮೆ, ಟ್ರ್ಯಾಕ್ಟರ್‌ಗಳ ಸೀಮೆ. ಅದು ನಮಗೆ ಅನುಕೂಲ. 7 ಇಂಚಿನ ದೀಪ ಹಳೆಯ ಜೀಪು, ಬುಲೆಟ್, ಎಷ್ಟೋ ಲಾರಿ ಮತ್ತು ಟ್ರ್ಯಾಕ್ಟರ್‌ಗಳಲ್ಲೂ ಇತ್ತು. ಹೋಲ್ಡರ್, ರಬ್ಬರ್, ಸ್ಪ್ರಿಂಗ್, ಒಳ ರಿಂಗ್ ಇವುಗಳಿಗಾಗಿ ಊರು ಬಿಟ್ಟು ಹೋಗಬೇಕಾದ ಅಗತ್ಯ ಬೀಳದಿರಬಹುದು. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತ, ಹುಮನಾಬಾದ್ ರಸ್ತೆಯ ಕಡೆ ಹಳೆಯ ಬಿಡಿಭಾಗದ ಅಂಗಡಿ ಕಂಡರೆ ಯಜಮಾನರ ಹತ್ತಿರ ಕುಳಿತು ಮಾತನಾಡಿ, ಅಟ್ಟ ನೋಡಲು ಅನುಮತಿ ಕೇಳಿ. ದಶಕಗಳಿಂದ ಮಾರಾಟವಾಗದೆ ಉಳಿದ ಹೊಸ ಮಾಲಿಗೆ ವ್ಯಾಪಾರದಲ್ಲಿ ‘ಓಲ್ಡ್ ಸ್ಟಾಕ್’ ಎನ್ನುತ್ತಾರೆ. ಅದು ಸಿಗುವುದು ಇಂಥ ಅಟ್ಟಗಳಲ್ಲೇ. ಆದರೆ ಟ್ರ್ಯಾಕ್ಟರ್ ಗಾಜು ನಿಮ್ಮ ಕಾರಿಗೆ ಕೂರುತ್ತದೆ ಎಂದ ಮಾತ್ರಕ್ಕೆ ಅದು ಸರಿಯಾದ ಗಾಜಲ್ಲ. ಗೆರೆಗಳ ವಿನ್ಯಾಸ ಬೇರೆ, ಬೆಳಕು ಹರಡುವ ರೀತಿಯೂ ಬೇರೆ.

ಹೊರ ಊರಿಗೆ ಹೋಗಬೇಕಾದರೆ ನಮ್ಮ ಭೂಗೋಳ ಚೆನ್ನಾಗಿದೆ. ಕಲಬುರಗಿ, ಯಾದಗಿರಿ ಎರಡೂ ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿವೆ. ಒಂದು ತುದಿಯಲ್ಲಿ ಮುಂಬೈಯ ಚೋರ್ ಬಜಾರ್ ಮತ್ತು ಕುರ್ಲಾದ ಗುಜರಿಗಳು, ಇನ್ನೊಂದು ತುದಿಯಲ್ಲಿ ಚೆನ್ನೈಯ ಪುದುಪೇಟೆ. ಫಿಯೆಟ್ ಮತ್ತು ಪದ್ಮಿನಿಗೆ ಮುಂಬೈ ಮೊದಲು ನೋಡಿ, ಅವು ತಯಾರಾದದ್ದೇ ಕುರ್ಲಾದಲ್ಲಿ. ಸ್ಟ್ಯಾಂಡರ್ಡ್ ಹೆರಾಲ್ಡ್ ಮದ್ರಾಸಿನ ಕಾರು, ಅದಕ್ಕೆ ಚೆನ್ನೈ. ಬೀದರಿನವರಿಗೆ ಹೈದರಾಬಾದ್ ಹತ್ತಿರ: ಸಿಕಂದರಾಬಾದಿನ ರಾಣಿಗಂಜ್‌ನ ಬಿಡಿಭಾಗದ ಅಂಗಡಿಗಳು, ಗುರುವಾರ ನಡೆಯುವ ಜುಮೇರಾತ್ ಬಜಾರ್. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ. ಅಂಬಾಸಿಡರ್ ಹುಟ್ಟಿದ್ದು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ, ಆದ್ದರಿಂದ ಅದರ ಹಳೆಯ ಮಾರ್ಕ್‌ಗಳ, ಅಂದರೆ ಹಳೆಯ ಮಾದರಿಗಳ ಭಾಗಕ್ಕೆ ಕೋಲ್ಕತ್ತಾದ ಮಲ್ಲಿಕ್ ಬಜಾರ್ ಕೂಡ ನೆನಪಿರಲಿ.

ವಿದೇಶದಿಂದ ತರಿಸುವವರು ಕಾರಿನ ಮೂಲ ಹೆಸರಿನಿಂದ ಹುಡುಕಬೇಕು. ಮೊದಲ ಅಂಬಾಸಿಡರ್‌ನ ಮೂಲ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ನಮ್ಮ ಹೆರಾಲ್ಡ್ ಅಲ್ಲಿ ಟ್ರಯಂಫ್ ಹೆರಾಲ್ಡ್. ಆ ಹೆಸರು ಹಾಕಿದರೆ ಹತ್ತು ಪಟ್ಟು ಹೆಚ್ಚು ಭಾಗಗಳು ಕಾಣುತ್ತವೆ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುತ್ತಾರೆ. ಅಲ್ಲಿಂದ ತರಿಸಿದ್ದು ಹೊಂದುತ್ತದೆ. ಅಮೆರಿಕ, ಇಟಲಿಯ ದೀಪಗಳ ಡಿಪ್ ಬೆಳಕು (ಎದುರು ವಾಹನ ಬಂದಾಗ ತಗ್ಗಿಸುವ ಬೆಳಕು) ಬಲಕ್ಕೆ ಬಾಗುತ್ತದೆ, ಅಂದರೆ ನಮ್ಮ ರಸ್ತೆಯಲ್ಲಿ ಎದುರು ಬರುವವರ ಕಣ್ಣಿಗೆ. ಫಿಯೆಟ್, ಜೀಪು ಇರುವವರು ಇದನ್ನು ಮರೆಯಬಾರದು. ಕಸ್ಟಮ್ಸ್ ಸುಂಕವನ್ನು ಬೆಲೆಯಲ್ಲಿ ಸೇರಿಸಿಯೇ ಲೆಕ್ಕ ಹಾಕಿ, ಎರಡು ಗಾಜುಗಳನ್ನು ಬೇರೆ ಬೇರೆ ಸುತ್ತಿ ಕಳಿಸಲು ಬರೆದು ತಿಳಿಸಿ.

5. ಹಣ ಕೊಡುವ ಮೊದಲು

ಚೀಲದಲ್ಲಿ ಇವಿಷ್ಟು ಇರಲಿ: ನಿಮ್ಮ ಹಳೆಯ ಒಳ ರಿಂಗ್, ಅಳತೆಯ ಟೇಪು, ಸಣ್ಣ ಅಯಸ್ಕಾಂತ, ಟಾರ್ಚ್, ಗಾಜಿನ ಅಕ್ಷರಗಳ ಫೋಟೊ. ರಿಂಗಿಗೆ ಗಾಜನ್ನು ಅಂಗಡಿಯಲ್ಲೇ ಕೂರಿಸಿ ನೋಡಿ. 7 ಇಂಚು ಎಂದರೆ 178 ಮಿಲಿಮೀಟರ್. ಬಾಯಿಮಾತಿನ ‘ಏಳಿಂಚು’ 170 ಆಗಿರುವುದೂ ಉಂಟು.

ಯುರೋಪಿನ ಮುದ್ರೆಯ ಗಾಜಿನಲ್ಲಿ ಬಾಣದ ಗುರುತು ಹುಡುಕಿ. ದೀಪದ ಎದುರು ನಿಂತು ನೋಡುವಾಗ ಬಾಣ ನಿಮ್ಮ ಬಲಗಡೆಗೆ ತೋರಿಸುತ್ತಿದ್ದರೆ ಅದು ಎಡಬದಿ ಸಂಚಾರದ ಗಾಜು, ನಮಗೆ ಬೇಕಾದದ್ದು ಅದೇ. ಎರಡೂ ಕಡೆಗೆ ಬಾಣವಿದ್ದರೆ ಎರಡಕ್ಕೂ ನಡೆಯುತ್ತದೆ. ಮುದ್ರೆ ಇದ್ದು ಬಾಣವೇ ಇಲ್ಲದಿದ್ದರೆ ಅದು ಬಲಬದಿ ಸಂಚಾರದ್ದು, ಬಿಟ್ಟುಬಿಡಿ.

ಜೋಡಿ ಎಂದು ಕೊಟ್ಟ ಎರಡು ಗಾಜುಗಳನ್ನು ಅಕ್ಕಪಕ್ಕ ಇಟ್ಟು ಗೆರೆ ಗೆರೆ ಹೋಲಿಸಿ. ಬೇರೆ ಬೇರೆ ಲಾರಿಯಿಂದ ಕಿತ್ತ ಎರಡು ಗಾಜನ್ನು ಜೋಡಿ ಮಾಡಿ ಮಾರುವುದು ಸಾಮಾನ್ಯ. ಹೊಸ ನಕಲಿಗೆ ಮಣ್ಣು ಬಳಿದು ಹಳೆಯದೆಂದು ಕೊಡುವವರೂ ಇದ್ದಾರೆ. ನಿಜವಾಗಿ ಹಳೆಯ ಗಾಜಿನ ಹೊರಮೈಯಲ್ಲಿ ರಸ್ತೆಯ ಮರಳು ಹೊಡೆದ ಸೂಕ್ಷ್ಮ ಚುಕ್ಕೆಗಳಿರುತ್ತವೆ, ಅಚ್ಚಿನ ಅಕ್ಷರದ ಅಂಚು ಚೂಪಾಗಿರುತ್ತದೆ. ನಕಲಿಯಲ್ಲಿ ಅಕ್ಷರ ಕರಗಿದಂತೆ ಮಂಕಾಗಿರುತ್ತದೆ. ನಕಲು ಎಂದು ಹೇಳಿಯೇ ಮಾರುವ ಒಳ್ಳೆಯ ಭಾಗವನ್ನು ಕೊಳ್ಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹಳೆಯದರ ಬೆಲೆ ಕೊಟ್ಟು ನಕಲು ತರಬೇಡಿ, ಅಷ್ಟೇ.

6. ವೋಲ್ಟ್, ಬಲ್ಬ್, ವೈರಿಂಗ್

ಹಳೆಯ ವಿಲ್ಲಿಸ್ ಜೀಪಿನಂಥವು 6 ವೋಲ್ಟಿನವು, ಬ್ರಿಟಿಷ್ ಮೂಲದ ಕಾರುಗಳು ಹೆಚ್ಚಾಗಿ 12. ಬ್ಯಾಟರಿ ನೋಡಿ ತೀರ್ಮಾನಿಸಬೇಡಿ, ಯಾರೋ ಬದಲಿಸಿರಬಹುದು. ಡೈನಮೊ, ಸ್ಟಾರ್ಟರ್ ಮೇಲಿರುವ ಲೋಹದ ಪಟ್ಟಿಯ ಬರಹ ಓದಿ.

ಬಲ್ಬಿನ ಬುಡದಲ್ಲಿ ಮೂರು ಬಗೆ ನೆನಪಿಡಿ. ಹಳೆಯ ಬ್ರಿಟಿಷ್ ದೀಪಗಳಿಗೆ ‘ಬ್ರಿಟಿಷ್ ಪ್ರೀಫೋಕಸ್’, ಅಂದರೆ ಪಿ36ಡಿ. ಯುರೋಪಿನ ಹ್ಯಾಲೋಜನ್‌ಪೂರ್ವ ದೀಪಗಳಿಗೆ ಪಿ45ಟಿ, ಸಾಮಾನ್ಯವಾಗಿ 45/40 ವಾಟ್ (ಮೊದಲಿನದು ಪೂರ್ಣ ಬೆಳಕಿಗೆ, ಎರಡನೆಯದು ಡಿಪ್‌ಗೆ). ಎಚ್4ಗೆ ಪಿ43ಟಿ, 60/55 ವಾಟ್. ಒಂದರ ಜಾಗಕ್ಕೆ ಇನ್ನೊಂದನ್ನು ಅರೆದು ಕೂರಿಸಿದರೆ ಉರಿಯುವ ತಂತಿ ರಿಫ್ಲೆಕ್ಟರ್‌ನ ನಾಭಿಯಿಂದ ಸರಿಯುತ್ತದೆ. ಕೆಲವೇ ಮಿಲಿಮೀಟರ್ ಸರಿದರೂ ಬೆಳಕು ಚದುರುತ್ತದೆ, ಡಿಪ್ ಹಾಕಿದರೂ ಎದುರಿನವರಿಗೆ ಕಣ್ಣು ಕುಕ್ಕುತ್ತದೆ.

100 ವಾಟಿನ ಬಲ್ಬ್ ಹಾಕುವ ಆಸೆ ಬೇಡ. 12 ವೋಲ್ಟಿನಲ್ಲಿ 45 ವಾಟಿನ ಬಲ್ಬ್ ನಾಲ್ಕು ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ, 100 ವಾಟಿನದು ಎಂಟಕ್ಕಿಂತ ಹೆಚ್ಚು. ಎರಡು ದೀಪ ಸೇರಿದರೆ ಹದಿನಾರು. ಅರವತ್ತು ವರ್ಷ ಹಳೆಯ ಸ್ವಿಚ್ಚು, ಕಾಲಿನಿಂದ ಒತ್ತುವ ಡಿಪ್ಪರು, ಬಟ್ಟೆ ಸುತ್ತಿದ ವೈರು ಇದನ್ನು ತಾಳುವುದಿಲ್ಲ. ಬೆಳ್ಳಿಯ ರಿಫ್ಲೆಕ್ಟರ್ ಕೂಡ ಆ ಶಾಖಕ್ಕೆ ಬೇಗ ಕಪ್ಪಾಗುತ್ತದೆ. ಬೆಳಕು ಮಂಕಾಗಿದ್ದರೆ ಬಲ್ಬನ್ನು ಬೈಯುವ ಮೊದಲು ಹೋಲ್ಡರ್ ಹತ್ತಿರ ಮೀಟರ್ ಹಿಡಿದು ವೋಲ್ಟ್ ಅಳೆಯಿರಿ. ಬ್ಯಾಟರಿಯಲ್ಲಿ 12 ಇದ್ದು ಇಲ್ಲಿ 10 ಬಂದರೆ ತಪ್ಪು ವೈರಿಂಗಿನದು. ಹೊಸ ಅರ್ಥ್ ತಂತಿ ಎಳೆದು, ಕಣ್ಣಿಗೆ ಕಾಣದ ಕಡೆ ರಿಲೇ ಇಡಿ. ರಿಲೇ ಎಂದರೆ ಸಣ್ಣ ವಿದ್ಯುತ್ತಿನ ಸನ್ನೆಯಿಂದ ದೊಡ್ಡ ವಿದ್ಯುತ್ತನ್ನು ಹರಿಯಬಿಡುವ ಸ್ವಿಚ್ಚು. ಅದಿದ್ದರೆ ಹಳೆಯ ಸ್ವಿಚ್ಚಿನ ಮೇಲೆ ಭಾರ ಬೀಳುವುದಿಲ್ಲ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಕಾರಿನ ಲೋಹದ ಮೈಗೆ ಸೇರಿರುವುದು ಸಾಮಾನ್ಯ. ಮಾಮೂಲಿ ಬಲ್ಬಿಗೆ ಅದರಿಂದ ವ್ಯತ್ಯಾಸವಿಲ್ಲ, ಒಳಗೆ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಮಾತ್ರ ಕೆಡುತ್ತದೆ. ಎಲ್‌ಇಡಿ ಬಲ್ಬನ್ನಂತೂ ಈ ದೀಪಗಳಿಗೆ ನಾನು ಒಪ್ಪುವುದಿಲ್ಲ.

7. ಕಾಗದಪತ್ರ

50 ವರ್ಷ ದಾಟಿದ ಖಾಸಗಿ ಕಾರಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ಚೌಕ ದೀಪ ಕೂರಿಸಲು ಮಡ್ಗಾರ್ಡ್ ಕತ್ತರಿಸಿದ ಕಾರುಗಳನ್ನು ನಮ್ಮ ಊರಲ್ಲೇ ನೋಡಿದ್ದೇನೆ. ಅಂಥದ್ದು ನಿಮ್ಮಲ್ಲಿದ್ದರೆ ಅರ್ಜಿಗೆ ಮೊದಲೇ ಮಡ್ಗಾರ್ಡನ್ನು ಮೂಲ ಆಕಾರಕ್ಕೆ ತನ್ನಿ. ಈ ನೋಂದಣಿ ಪಡೆದ ಕಾರನ್ನು ದಿನನಿತ್ಯ ಓಡಿಸಲು ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥವಕ್ಕೆ ಮಾತ್ರ.

8. ಜೋಡಣೆ ಮತ್ತು ಬೆಳಕಿನ ಹೊಂದಾಣಿಕೆ

ನಮ್ಮ ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು, ಕೂದಲೆಳೆಯ ಸಂದಿ ಸಿಕ್ಕರೂ ಒಳಗೆ ಹೋಗುತ್ತದೆ. ಗಾಜಿನ ಸುತ್ತಲಿನ ರಬ್ಬರ್ ಹೊಸದೇ ಇರಲಿ. ಬೌಲ್‌ನ ತಳದಲ್ಲಿ ನೀರು ಹೋಗಲು ಬಿಟ್ಟ ತೂತನ್ನು ಮಾತ್ರ ಮುಚ್ಚಬೇಡಿ. ಗಾಜಿನಲ್ಲಿ ಮೇಲ್ಭಾಗದ ಗುರುತು ಇದ್ದರೆ ಅದು ಮೇಲೆಯೇ ಬರಬೇಕು.

ಸಂಜೆ ಸಮತಟ್ಟಾದ ಜಾಗದಲ್ಲಿ ಗೋಡೆಗೆ ಎದುರಾಗಿ, ದೀಪದಿಂದ ಗೋಡೆಗೆ 7.5 ಮೀಟರ್ ಇರುವಂತೆ ಕಾರು ನಿಲ್ಲಿಸಿ. ಟೈರುಗಳಲ್ಲಿ ಸರಿಯಾದ ಗಾಳಿ ಇರಲಿ, ಚಾಲಕರ ಜಾಗದಲ್ಲಿ ಒಬ್ಬರು ಕುಳಿತಿರಲಿ. ದೀಪದ ನಡುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ. ಒಂದು ದೀಪಕ್ಕೆ ಬಟ್ಟೆ ಮುಚ್ಚಿ, ಇನ್ನೊಂದರ ಡಿಪ್ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 7.5 ಸೆಂಟಿಮೀಟರ್ ಕೆಳಗೆ ಬರುವಂತೆ ಸ್ಪ್ರಿಂಗ್ ಸ್ಕ್ರೂ ತಿರುಗಿಸಿ. ಯುರೋಪಿನ ಮುದ್ರೆಯ ಗಾಜಿನಲ್ಲಿ ಬೆಳಕು ಎಡಕ್ಕೆ ಓರೆಯಾಗಿ ಏರುತ್ತದೆ. ಬಲಕ್ಕೆ ಏರಿದರೆ ಗಾಜೇ ತಪ್ಪು, ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ಹಳೆಯ ಬ್ರಿಟಿಷ್ ದೀಪಗಳಲ್ಲಿ ಆ ಓರೆ ಇರುವುದಿಲ್ಲ. ಬೆಳಕಿನ ಗುಂಪು ಒಟ್ಟಾರೆ ಕೆಳಗೆ, ಎಡಕ್ಕೆ ಬಿದ್ದರೆ ಸಾಕು.

ಮೊದಲ ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಅದೇ ಗೋಡೆಯ ಮುಂದೆ ಮತ್ತೊಮ್ಮೆ ನಿಲ್ಲಿಸಿ ನೋಡಿ. ಹೊಸ ರಬ್ಬರ್ ಕುಸಿದು ಕೂರುವಾಗ ಸ್ಕ್ರೂಗಳು ಸಡಿಲವಾಗುತ್ತವೆ, ಗೆರೆ ಒಂದೆರಡು ಬೆರಳು ಸರಿದಿರುತ್ತದೆ.